ಗೋಡೆಯ ಮೇಲಿನ ಹೊಟ್ಟೆ

ಈ ಕಥೆಯನ್ನು ಮೊದಲು ಹೇಳಿದವಳು ಆ ಸ್ಕ್ಯಾನ್ ಕೇಂದ್ರದ ಸ್ವಾಗತದ ಮೇಜಿನ ಹಿಂದೆ ತಲೆ ನರೆಯುವವರೆಗೆ ಕುಳಿತಿದ್ದ ಹೆಂಗಸು. ಹೇಳಿದ್ದು, ಕರೆಂಟು ಹೋಗಿ ಯಂತ್ರಗಳೆರಡೂ ಬಾಯಿ ಮುಚ್ಚಿಕೊಂಡಿದ್ದ ಒಂದು ಸೆಕೆಯ ಮಧ್ಯಾಹ್ನ, ಸರದಿಗಾಗಿ ಬೆಂಚುಗಳ ಮೇಲೆ ಕಾದು ಕುಳಿತಿದ್ದವರಿಗೆ. ಇನ್ಸ್‌ಪೆಕ್ಟರಮ್ಮನ ಮನಸ್ಸಿನೊಳಗಿನದು ನಿನಗೆ ಹೇಗೆ ಗೊತ್ತಾಯಿತೆಂದು ಯಾರೋ ಕೆಣಕಿದ್ದಕ್ಕೆ, "ಅವರೇ ಹೇಳಿದ್ದು, ಇದೇ ಮೇಜಿಗೆ ಮೊಣಕೈ ಊರಿಕೊಂಡು" ಎಂದಳಂತೆ.

ಕಳೆದ ವಾರ ನಾವು ಬಿಟ್ಟಲ್ಲಿ, ಹಜಾರದ ಬೆಳಕಿನ ಪೆಟ್ಟಿಗೆಯಿಂದ ಕಾಣೆಯಾಗಿದ್ದ ಸ್ಕ್ಯಾನ್ ಚಿತ್ರ, ಯಂತ್ರ ನಡೆಸುವ ಉಸಿರಕ್ಕನ ಬೀರುವಿನಲ್ಲಿ ಸಿಕ್ಕಿತ್ತು.

ಚಿತ್ರ ಓದುವ ಕೋಣೆಯಲ್ಲಿ ಹಗಲಿಗೂ ಕತ್ತಲೆ. ಕಿಟಕಿಗೆ ದಪ್ಪ ಪರದೆ, ಗೋಡೆಗೆ ಬೂದು ಬಣ್ಣ, ಮೇಜಿನ ಮೇಲೆ ಆರಿದ ಚಹಾ. ರಜೆ ಮುಗಿಸಿ ಆ ಬೆಳಿಗ್ಗೆಯಷ್ಟೇ ಕೆಲಸಕ್ಕೆ ಮರಳಿದ್ದ ಓದುವ ಡಾಕ್ಟರಮ್ಮ, ಸುರುಳಿ ಬಿಚ್ಚಿದ ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು.

ಇನ್ಸ್‌ಪೆಕ್ಟರಮ್ಮನಿಗೆ ಅವಸರವಿತ್ತು. ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಆ ಹೆಸರು ಆಕೆಯನ್ನು ಬಿಟ್ಟಿರಲಿಲ್ಲ. ಹೆಸರಿನ ಜೊತೆಗೆ ಗತ್ತೂ ಉಳಿದಿತ್ತು. ಕಳೆದದ್ದು ಇದೇ ಚಿತ್ರವೆಂದು ತಿಳಿದವರೊಬ್ಬರ ಬಾಯಿಂದ ಒಂದು ಮಾತು ಹೇಳಿಸಿಕೊಂಡರೆ ಆಕೆಯ ಕೆಲಸ ಮುಗಿಯಿತು. ಕಳ್ಳಿ ಸಿಕ್ಕಿದ್ದಳು, ಮಾಲು ಸಿಕ್ಕಿತ್ತು. ಕೆಳಗೆ ಅಣ್ಣ ಸ್ಕೂಟರಿನೊಂದಿಗೆ ಕಾಯುತ್ತಿದ್ದ.

ಹಿಂದಿನ ದಿನ ನಡೆದದ್ದನ್ನು ನೆನೆದು ಆಕೆಗೆ ಒಳಗೊಳಗೇ ಸಮಾಧಾನವಾಗಿತ್ತು. ಸಿಬ್ಬಂದಿಯನ್ನೆಲ್ಲ ಹಜಾರದಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದೇ ಬೀರುವನ್ನು ತಾನೇ ತೆರೆದಿದ್ದಳು. ಉಸಿರಕ್ಕನ ಬೀರುವಿನಲ್ಲಿ, ಒಗೆದು ಮಡಿಸಿದ ಹೊದಿಕೆಯೊಳಗೆ, ಚಿತ್ರದ ಸುರುಳಿ ಬೆಚ್ಚಗೆ ಮಲಗಿತ್ತು. ಉಸಿರಕ್ಕ ಯಂತ್ರ ನಡೆಸುವವಳು. ಕೊಳವೆಯೊಳಗೆ ಮಲಗಿದವರ ಕಿವಿಗೆ ಬೀಳುವ ಧ್ವನಿ ಅವಳದೇ: ಉಸಿರು ತಗೊಳ್ಳಿ, ಬಿಡಿ, ಹಾಗೇ ಹಿಡ್ಕೊಳ್ಳಿ. ಅದರಿಂದಲೇ ಆ ಹೆಸರು. ಎಲ್ಲರ ಮುಂದೆ "ಕದ್ದೆಯಾ?" ಎಂದು ಕೇಳಿದಾಗ ಅವಳು ತಲೆ ತಗ್ಗಿಸಿ ಸುಮ್ಮನೆ ನಿಂತಳು. ಮತ್ತೆ ಕೇಳಿದಾಗಲೂ ಸುಮ್ಮನೆ. ಮೌನವೆಂದರೆ ಒಪ್ಪಿಗೆ ಎಂಬುದು ಇನ್ಸ್‌ಪೆಕ್ಟರಮ್ಮನ ಹಳೆಯ ಪಾಠ. ಕೇಂದ್ರದ ಒಡೆಯರಾದ ದೊಡ್ಡ ಡಾಕ್ಟರು ಉಸಿರಕ್ಕನ ಕೊರಳ ಗುರುತಿನ ಚೀಟಿಯನ್ನು ತೆಗೆಸಿಕೊಂಡು ಮನೆಗೆ ಕಳಿಸಿದ್ದರು.

"ಇದೇ ತಾನೇ?" ಎಂದಳು ಇನ್ಸ್‌ಪೆಕ್ಟರಮ್ಮ.

"ಇದೇ," ಎಂದಳು ಡಾಕ್ಟರಮ್ಮ. "ಆದ್ರೆ ಇದನ್ನ ಹೊಸ ಯಂತ್ರ ತೆಗೆದಿದ್ದು ಅಂತ ಯಾರು ಹೇಳಿದ್ರು?"

"ಕೆಳಗೆ ಬರೆದಿದೆಯಲ್ಲ."

"ಬರೆದಿದೆ. ನಾನೂ ಇಷ್ಟು ದಿನ ಬರೆದದ್ದನ್ನೇ ಓದಿದೆ."

ಆ ಕೇಂದ್ರದಲ್ಲಿ ಯಂತ್ರಗಳೆರಡು. ಹಳೆಯದರ ಅಯಸ್ಕಾಂತದ ಬಲ ಒಂದೂವರೆ ಟೆಸ್ಲಾ, ಹೊಸದರದು ಅದರ ಎರಡರಷ್ಟು. ಸ್ವಾಗತದ ಹೆಂಗಸು ಹಳೆಯದಕ್ಕೆ ಅತ್ತೆ ಎಂದೂ ಹೊಸದಕ್ಕೆ ಅಳಿಯ ಎಂದೂ ಹೆಸರಿಟ್ಟಿದ್ದಳು. ಅತ್ತೆ ನಿಧಾನ, ಆದರೆ ಮನೆಯ ಮೂಲೆಮೂಲೆ ಬಲ್ಲವಳು. ಅಳಿಯ ದುಬಾರಿ, ಗದ್ದಲ ಹೆಚ್ಚು, ಎಷ್ಟು ಸತ್ಕಾರ ಮಾಡಿದರೂ ಸಾಲದು. ಯಾವುದರಲ್ಲಿ ಮಲಗಲಿ ಎಂದು ರೋಗಿಗಳು ಕೇಳಿದರೆ ಕಚೇರಿಯ ವ್ಯವಸ್ಥಾಪಕ, ಅಳಿಯ ಅಲ್ಲ ಮಗಳ ಗಂಡ, ಯಾವುದಾದರೇನು ಎಂದು ನಗುತ್ತಿದ್ದ. ನಕ್ಕು, ಹೊಸದಕ್ಕೇ ಚೀಟಿ ಹರಿಯುತ್ತಿದ್ದ.

ಹಜಾರದ ಬೆಳಕಿನ ಪೆಟ್ಟಿಗೆಯಲ್ಲಿ ಒಂದೇ ಹೊಟ್ಟೆಯ ಎರಡು ಅಡ್ಡಸೀಳಿನ ಚಿತ್ರಗಳು ಅಕ್ಕಪಕ್ಕ ಇದ್ದವು. ಎಡಗಡೆಯದು ಹಳೆಯ ಯಂತ್ರದ್ದು, ಬಲಗಡೆಯದು ಹೊಸದರದು ಎಂದು ಕೆಳಗೆ ಪಟ್ಟಿ. ಅದರ ಕೆಳಗೆ ದೊಡ್ಡ ಅಕ್ಷರ: ವ್ಯತ್ಯಾಸವನ್ನು ನೀವೇ ನೋಡಿ. ಕಳುವಾದದ್ದು ಬಲಗಡೆಯದು.

ಆ ಹೊಟ್ಟೆ ಯಾರದೆಂಬುದು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ಹೊಸ ಅಡುಗೆಯ ಉಪ್ಪನ್ನು ಮೊದಲು ಅಡುಗೆಯವನೇ ನೋಡುವಂತೆ, ಹೊಸ ಯಂತ್ರ ಬಂದಾಗ ಮನೆಯವರೇ ಒಬ್ಬರು ಮೊದಲು ಅದರೊಳಗೆ ಮಲಗುವುದು ಆ ಕಸುಬಿನ ವಾಡಿಕೆ. ದೊಡ್ಡ ಡಾಕ್ಟರು ರಜೆಯ ದಿನವೊಂದರಲ್ಲಿ ಸಿಬ್ಬಂದಿಯನ್ನೆಲ್ಲ ಮನೆಗೆ ಕಳಿಸಿ, ಯಂತ್ರ ಕೂರಿಸಲು ಪರದೇಶದಿಂದ ಬಂದಿದ್ದ ಎಂಜಿನಿಯರೊಬ್ಬನನ್ನೇ ಉಳಿಸಿಕೊಂಡು, ಎರಡೂ ಕೊಳವೆಗಳಲ್ಲಿ ತಾವೇ ಮಲಗಿದ್ದರೆಂದು ಪ್ರತೀತಿ. ಅಂಥ ಪರೀಕ್ಷೆಯ ಚಿತ್ರಗಳಿಗೆ ಯಾರೂ ವರದಿ ಬರೆಯುವುದಿಲ್ಲ. ಅದು ಯಂತ್ರದ ಪರೀಕ್ಷೆ, ಮನುಷ್ಯನದಲ್ಲ.

ಡಾಕ್ಟರಮ್ಮ ಚಿತ್ರದಲ್ಲಿ, ಯಕೃತ್ತಿನ ಕೆಳಗೆ, ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಯೊಂದನ್ನು ತೋರಿಸಿದಳು. ಪಿತ್ತಕೋಶವನ್ನು ತೆಗೆಯುವಾಗ ನಾಳದ ಬಾಯಿ ಕಟ್ಟಲು ಲೋಹದ ಪುಟ್ಟ ಕ್ಲಿಪ್ಪು ಹಾಕಿರುತ್ತಾರೆ, ಅದೇ ಇದು ಎಂದಳು.

"ನಮ್ಮಣ್ಣನಿಗೂ ತೆಗೆದಿದಾರೆ," ಎಂದಳು ಇನ್ಸ್‌ಪೆಕ್ಟರಮ್ಮ. "ಹೊಟ್ಟೇಲಿ ಕ್ಲಿಪ್ಪು ಇಟ್ಕೊಂಡಿರೋನು, ಬಟ್ಟೆ ಒಣಗಿಸೋಕೆ ಸಾಲದೇ ಬಂದ್ರೆ ಕೊಡ್ತೀನಿ ಅಂತಿರ್ತಾನೆ."

"ಬೀದಿಗೊಬ್ಬರಿಗೆ ತೆಗೆದಿರ್ತಾರೆ, ಮೇಡಂ. ಬನ್ನಿ, ಹಜಾರಕ್ಕೆ ಹೋಗೋಣ."

ಪೆಟ್ಟಿಗೆಯಲ್ಲಿ ಎಡಗಡೆಯ ಚಿತ್ರ ಇನ್ನೂ ಹೊಳೆಯುತ್ತಿತ್ತು. ಹಳೆಯ ಯಂತ್ರದ್ದೆಂದು ಪಟ್ಟಿ ಹೊತ್ತ ಚಿತ್ರ. ಹೊಟ್ಟೆಯ ಅಂಚು ಗೆರೆ ಕೊರೆದಂತೆ ಚೂಪಾಗಿದ್ದರೂ ನಡುಭಾಗದಲ್ಲಿ ಮಸಿ ಹರಡಿದಂಥ ಕತ್ತಲೆ. ಕ್ಲಿಪ್ಪಿದ್ದಲ್ಲಿ ಸಾಸಿವೆಯಲ್ಲ, ನಾಣ್ಯದಷ್ಟು ಅಗಲದ ಕರಿ ತೂತು.

ಡಾಕ್ಟರಮ್ಮ ಅದರ ಮೇಲೆ ಬೆರಳಿಟ್ಟು ತಗ್ಗಿದ ಧ್ವನಿಯಲ್ಲಿ ವಿವರಿಸಿದಳು. ಲೋಹದ ಸುತ್ತ ಚಿತ್ರ ಕಪ್ಪಾಗುತ್ತದೆ. ಅಯಸ್ಕಾಂತ ಬಲವಾದಷ್ಟೂ ಕಪ್ಪು ಅಗಲವಾಗುತ್ತದೆ. ಇನ್ನು ನಡುವಿನ ಕತ್ತಲೆ. ಚಿತ್ರ ತೆಗೆಯಲು ಯಂತ್ರ ದೇಹದೊಳಕ್ಕೆ ರೇಡಿಯೋ ಅಲೆ ಕಳಿಸುತ್ತದೆ. ಹಳೆಯದರಲ್ಲಿ ಆ ಅಲೆ ಉದ್ದ, ಹೊಸದರಲ್ಲಿ ಗಿಡ್ಡ. ತೆಳ್ಳಗಿನವರಲ್ಲಿ ತೊಂದರೆಯಿಲ್ಲ. ದಪ್ಪ ಹೊಟ್ಟೆಯೊಳಗೆ ಮಾತ್ರ ಗಿಡ್ಡ ಅಲೆಗಳು ಒಂದನ್ನೊಂದು ಹೊಡೆದುಕೊಂಡು ನಡುವೆ ಸತ್ತುಹೋಗುತ್ತವೆ. ಅಲ್ಲಿ ಕತ್ತಲೆ ಬೀಳುತ್ತದೆ. ಹೊಟ್ಟೆಯ ಮೇಲೆ ದ್ರವ ತುಂಬಿದ ದಿಂಬನ್ನು ಇಟ್ಟರೆ ಕತ್ತಲೆ ಸಾಕಷ್ಟು ತಿಳಿಯಾಗುತ್ತದೆ. ಹೊಸ ಯಂತ್ರ ಕೆಟ್ಟದ್ದಲ್ಲ. ಮಿದುಳು, ಮೊಣಕಾಲುಗಳಲ್ಲಿ ಅದನ್ನು ಮೀರಿಸುವ ಯಂತ್ರವಿಲ್ಲ. ಹೊಟ್ಟೆಗೆ ಅದನ್ನು ಪಳಗಿಸಬೇಕು. ಆಗಿನ್ನೂ ಪಳಗಿಸಿರಲಿಲ್ಲ, ಅಷ್ಟೆ.

"ಅಂದ್ರೆ ಈ ಕತ್ತಲೆ ಚಿತ್ರ ಅಳಿಯಂದು," ಎಂದಳು ಇನ್ಸ್‌ಪೆಕ್ಟರಮ್ಮ.

"ಒಳಗಿರೋ ಚೆಂದದ್ದು ಅತ್ತೇದು. ಪಟ್ಟಿ ಅದಲುಬದಲು."

ಇನ್ಸ್‌ಪೆಕ್ಟರಮ್ಮನಿಗೆ ಕಿವಿ ಬಿಸಿಯಾಯಿತು. ಈ ಪೆಟ್ಟಿಗೆಯ ಕೆಳಗೇ ನಿಂತು ವಾರವೆಲ್ಲ ಚಹಾ ಕುಡಿದಿದ್ದಳು. ಉಳಿದಿದ್ದ ಒಂದು ಚಿತ್ರವನ್ನೂ ಆಕೆ ನೋಡಿರಲಿಲ್ಲ. ಪಟ್ಟಿಯನ್ನು ಓದಿದ್ದಳು, ಅಷ್ಟೆ. ವ್ಯತ್ಯಾಸವನ್ನು ನೀವೇ ನೋಡಿ ಎಂದು ಗೋಡೆ ಹೇಳುತ್ತಲೇ ಇತ್ತು.

"ಪಟ್ಟಿ ಹೋಗ್ಲಿ ಮೇಡಂ," ಎಂದಳು ಡಾಕ್ಟರಮ್ಮ. "ಅದಕ್ಕಿಂತ ದೊಡ್ಡದು ಇನ್ನೊಂದಿದೆ."

ಇಬ್ಬರೂ ಕತ್ತಲೆಯ ಕೋಣೆಗೆ ಮರಳಿದರು. ಸಿಕ್ಕ ಚಿತ್ರದ ನಟ್ಟನಡುವೆ, ಬೆನ್ನುಮೂಳೆಯ ಮುಂದೆ, ಮೇದೋಜೀರಕ ಗ್ರಂಥಿ ಅಡ್ಡಲಾಗಿ ಮಲಗಿತ್ತು. ಅದರ ಒಡಲಲ್ಲಿ ಹೆಸರುಕಾಳಿನಷ್ಟು ಒಂದು ಮಚ್ಚೆ. ಡಾಕ್ಟರಮ್ಮ ತೋರಿಸುವವರೆಗೆ ಕಾಣಲಿಲ್ಲ. ತೋರಿಸಿದ ಮೇಲೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಎಡಗಡೆಯ ಚಿತ್ರದಲ್ಲಿ ಆ ಜಾಗವನ್ನು ಕತ್ತಲೆ ನುಂಗಿತ್ತು.

ಡಾಕ್ಟರಮ್ಮ ಕುರ್ಚಿಯಲ್ಲಿ ಕುಳಿತಳು. ಅಂಥ ಗಡ್ಡೆ ಚಿಕ್ಕದಾಗಿರುವಾಗ ಸಿಕ್ಕರೆ ಕತ್ತರಿಸಿ ತೆಗೆಯಬಹುದು. ತಡವಾದರೆ ಯಾರ ಕೈಯಲ್ಲೂ ಇಲ್ಲ. ಈ ಚಿತ್ರ ಉದ್ಘಾಟನೆಯ ದಿನದಿಂದ ಗೋಡೆಯ ಮೇಲಿದೆ. ಬೇರೆ ಸೀಳುಗಳಾದರೂ ಇವೆಯೇ ಎಂದು ಗಣಕದಲ್ಲಿ ಹುಡುಕಿದರೆ, ಪರೀಕ್ಷೆಯ ಚಿತ್ರಗಳನ್ನೆಲ್ಲ ಎಂಜಿನಿಯರು ಹೋಗುವಾಗ ಅಳಿಸಿಬಿಟ್ಟಿದ್ದ.

"ದಿನಾ ಇದರ ಕೆಳಗೆ ಓಡಾಡಿದೀನಿ," ಎಂದಳು ಡಾಕ್ಟರಮ್ಮ, ಮುಖವನ್ನು ಬೆಳಕಿನಿಂದ ಆಚೆ ತಿರುಗಿಸಿಕೊಂಡು. "ಓದೋದೇ ನನ್ನ ಕೆಲಸ. ಗೋಡೆ ಮೇಲಿದ್ರೆ ಅದು ಅಲಂಕಾರ ಅಂದ್ಕೊಂಡೆ."

ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಕತ್ತಲೆಯಿದ್ದದ್ದು ದೀಪದ ಎದುರಿನಲ್ಲಿ, ನೋಡುವವರ ಕಣ್ಣಿನಲ್ಲಿ.

ದೊಡ್ಡ ಡಾಕ್ಟರಿಗೆ ತಕ್ಷಣ ತಿಳಿಸಬೇಕಿತ್ತು. ಆದರೆ ಅವರು ಬೇರೊಂದು ಆಸ್ಪತ್ರೆಗೆ ಹೋಗಿದ್ದರು, ಬರುವುದು ಸಂಜೆಗೆ. ಆ ಬಿಡುವಿನಲ್ಲಿ ಇನ್ಸ್‌ಪೆಕ್ಟರಮ್ಮನ ಮನಸ್ಸು ಮಡಿಸಿದ ಹೊದಿಕೆಯ ಕಡೆಗೆ ಹೋಯಿತು. ಕದ್ದ ಮಾಲನ್ನು ಯಾರೂ ಒಗೆದ ಬಟ್ಟೆಯಲ್ಲಿ, ಗೀರು ಬೀಳದಂತೆ, ಕೂಸನ್ನು ಸುತ್ತಿದ ಹಾಗೆ ಸುತ್ತಿಡುವುದಿಲ್ಲ. ಕಣ್ಣೆದುರಿಗಿದ್ದ ಆ ಸುಳಿವನ್ನೂ ಆಕೆ ನೋಡಿರಲಿಲ್ಲ.

ಅಣ್ಣನ ಸ್ಕೂಟರ್ ಹತ್ತಿ ಉಸಿರಕ್ಕನ ಮನೆಯ ದಾರಿ ಹಿಡಿದಳು.

ಅಣ್ಣ ಒಂದು ಕಾಲದಲ್ಲಿ ಶಾಲೆಯ ಡ್ರಿಲ್ ಮೇಷ್ಟ್ರು. ನಿವೃತ್ತನಾದ ಮೇಲೆ ಹೊಟ್ಟೆ ಅವನಿಗಿಂತ ಮುಂದೆ ನಡೆಯತೊಡಗಿತ್ತು. ದೊಡ್ಡ ಡಾಕ್ಟರ ಪರಿಚಯವಾದದ್ದು ಬೆಳಗಿನ ನಡಿಗೆಯಲ್ಲಿ. ನಡೆದದ್ದಕ್ಕಿಂತ ಬೆಂಚಿನಲ್ಲಿ ಕುಳಿತು ಹರಟಿದ್ದೇ ಹೆಚ್ಚು. ಆದರೆ ಈಚೆಗೆ ಅವನ ಹೊಟ್ಟೆ ಕರಗುತ್ತಿತ್ತು. ಆ ಬೆಳಿಗ್ಗೆ ಹೊರಡುವ ಮುನ್ನ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದು, ಪದಕ ಗೆದ್ದವನಂತೆ ತಂಗಿಗೆ ತೋರಿಸಿದ್ದ. ಊಟ ಬಿಟ್ಟು ಕರಗಿಸಿದೆಯಾ, ನಡೆದು ಕರಗಿಸಿದೆಯಾ ಎಂದು ಆಕೆ ರೇಗಿಸಿದ್ದಳು. ಏನೂ ಮಾಡಿಲ್ಲ ಕಣೇ, ಅದಾಗದೇ ಕರಗ್ತಿದೆ, ಯೋಗ ಬೇಕು ಎಂದು ನಕ್ಕಿದ್ದ.

ದಾರಿಯಲ್ಲಿ ಅಣ್ಣ ಕೇಳಿದ್ದು ಒಂದೇ: ಚಿತ್ರವನ್ನು ಮತ್ತೆ ಯಾವಾಗ ಗೋಡೆಗೆ ಹಾಕುತ್ತಾರೆ. ಹಾಕುವುದು ಕಾಣೆ ಎಂದಳು.

"ಹಾಕ್ಬೇಕು," ಎಂದ ಅಣ್ಣ. "ಸಿನಿಮಾ ಹೀರೋಗೂ ಅಷ್ಟು ಚೆಂದ ಲೈಟ್ ಬಿಡಲ್ಲ."

ಉಸಿರಕ್ಕ ಬಾಗಿಲು ತೆರೆದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಗಿಲಿಗಡ್ಡವಾಗಿಯೇ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಒಳಕೋಣೆಯಲ್ಲಿ ಅವಳ ಅತ್ತೆಯ ಧ್ವನಿ, ಯಾರದು, ಇವತ್ಯಾಕೆ ಕೆಲಸಕ್ಕೆ ಹೋಗಿಲ್ಲ ಎಂದು ವಿಚಾರಿಸುತ್ತಿತ್ತು. ಮನೆಯಲ್ಲಿ ಅವಳು ಹೇಳಿರಲಿಲ್ಲ.

ಪಟ್ಟಿ ಅದಲುಬದಲಾಗಿದ್ದನ್ನು ಕಂಡ ದಿನವೇ ದೊಡ್ಡ ಡಾಕ್ಟರಿಗೆ ಹೇಳಿದ್ದಳಂತೆ. ನೀನು ಉಸಿರು ನೋಡ್ಕೋ, ಗೋಡೆ ನಾನು ನೋಡ್ಕೋತೀನಿ ಎಂದು ಅವರು ಗದರಿದ್ದರು. ಆಮೇಲೆ ಎಷ್ಟೋ ದಿನ ಅತ್ತ ನೋಡುವುದನ್ನೇ ಬಿಟ್ಟಿದ್ದಳು. ಈಚೆಗೆ ಒಂದು ದಿನ ಪೆಟ್ಟಿಗೆಯ ಗಾಜನ್ನು ಒರೆಸುವಾಗ ಮಚ್ಚೆ ಕಣ್ಣಿಗೆ ಬಿತ್ತು. ಮಚ್ಚೆಯೋ, ತನ್ನ ಕಣ್ಣಿನ ಭ್ರಮೆಯೋ ತಿಳಿಯದೆ, ಓದುವ ಡಾಕ್ಟರಮ್ಮ ರಜೆ ಮುಗಿಸಿ ಬಂದೊಡನೆ ತೋರಿಸಬೇಕೆಂದು ಚಿತ್ರವನ್ನು ತೆಗೆದಿಟ್ಟಳು. ಅಷ್ಟರಲ್ಲಿ ಕಳವಿನ ಗುಲ್ಲೆದ್ದಿತು.

ಹಾಗಾದರೆ ನಿನ್ನೆ ಬಾಯಿ ಬಿಡಲಿಲ್ಲವೇಕೆ ಎಂದು ಇನ್ಸ್‌ಪೆಕ್ಟರಮ್ಮ ಕೇಳಿದಳು. ಕೇಳುವಾಗಲೇ ತನ್ನ ಧ್ವನಿಯಲ್ಲಿ ಠಾಣೆಯ ಗತ್ತು ಇನ್ನೂ ಉಳಿದಿದ್ದು ಆಕೆಗೇ ಕೇಳಿಸಿತು.

"ರೋಗಿ ಹೊಟ್ಟೇಲಿ ಏನಿದೆ ಅಂತ ಹಜಾರದಲ್ಲಿ ಕೂಗೋಕಾಗತ್ತಾ, ಮೇಡಂ? ಅಷ್ಟು ಜನದ ಮುಂದೆ? ಅದೂ ದೊಡ್ಡ ಡಾಕ್ಟ್ರು ಅಲ್ಲೇ ನಿಂತಿರುವಾಗ?" ಉಸಿರಕ್ಕನ ಧ್ವನಿ ಕೊಳವೆಯೊಳಗಿನ ರೋಗಿಗೆ ಹೇಳುವಾಗ ಇರುವಷ್ಟೇ ಮೆತ್ತಗಿತ್ತು. "ನೀವು ಕದ್ದೆಯಾ ಅಂತ ಕೇಳಿದ್ರಿ. ಯಾಕೆ ತಗೊಂಡೆ ಅಂತ ಕೇಳ್ಲಿಲ್ಲ."

ಇನ್ಸ್‌ಪೆಕ್ಟರಮ್ಮ ಎಷ್ಟೋ ಕಳ್ಳರ ಮುಂದೆ ನಿಂತವಳು. ಒಬ್ಬರ ಹೊಸ್ತಿಲಿನಲ್ಲಿ ತಾನೇ ಕಳ್ಳಿಯಂತೆ ನಿಂತದ್ದು ಅದೇ ಮೊದಲು. ತಪ್ಪಾಯಿತು ಎನ್ನಲು ಬಾಯಿ ತೆರೆದವಳು ತಡೆದಳು. ನಿನ್ನೆ ಅಷ್ಟು ಜನರ ಮುಂದೆ ಕಿತ್ತುಕೊಂಡ ಮರ್ಯಾದೆಯನ್ನು ಇಂದು ಬಾಗಿಲ ಸಂದಿಯಲ್ಲಿ ಗುಟ್ಟಾಗಿ ಹಿಂದಿರುಗಿಸಿ ಕೈತೊಳೆದುಕೊಳ್ಳುವುದು ಇನ್ನೊಂದು ಕಳವೆಂದು ಆಕೆಗೆ ಅನ್ನಿಸಿತು. ನಾಳೆ ಹಜಾರದಲ್ಲೇ ಹೇಳುತ್ತೇನೆ ಎಂದಳು.

"ಮೊದಲು ಅವರಿಗೆ ಹೇಳಿ," ಎಂದು ಉಸಿರಕ್ಕ ಬಾಗಿಲು ಮುಂದಕ್ಕೆ ಮಾಡಿದಳು. "ನನ್ನದು ಕಾಯುತ್ತೆ. ಅದು ಕಾಯಲ್ಲ."

ಸ್ಕೂಟರಿನ ಬಳಿ ಅಣ್ಣ ಬೀದಿಯ ಮಕ್ಕಳಿಗೆ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಹೇಳಿಕೊಡುತ್ತಿದ್ದ. ತಂಗಿಯ ಮುಖ ನೋಡಿ ಗಾಡಿ ತಿರುಗಿಸಿದ.

ದೊಡ್ಡ ಡಾಕ್ಟರ ಕೋಣೆ ಮೂರನೆಯ ಮಹಡಿಯಲ್ಲಿ. ಲಿಫ್ಟಿದ್ದರೂ ಅವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರಿಗೂ ಉಪದೇಶ. ತಂಪಿನ ಯಂತ್ರ ಗುಯ್ಗುಡುತ್ತಿದ್ದರೂ ಕೋಣೆಯ ಕಿಟಕಿಗಳೆಲ್ಲ ತೆರೆದಿದ್ದವು, ಬಾಗಿಲೂ ತೆರೆದಿತ್ತು. ಇನ್ಸ್‌ಪೆಕ್ಟರಮ್ಮ ಒಳಗೆ ಬಂದು ಬಾಗಿಲು ಮುಚ್ಚಿದಾಗ ಅವರು ಎದ್ದು ಬಂದು ಅದನ್ನು ಮತ್ತೆ ಅರ್ಧ ತೆರೆದು ಕುಳಿತರು.

ಆಕೆ ಪಟ್ಟಿಯಿಂದ ಆರಂಭಿಸಿದಳು. ಅವರು ಅಲ್ಲಗಳೆಯಲಿಲ್ಲ. ಮೇಜಿನ ಮೇಲಿನ ಪ್ಲಾಸ್ಟಿಕ್ ಯಕೃತ್ತನ್ನು ಬಿಚ್ಚಿ ಜೋಡಿಸುತ್ತ ಎಲ್ಲವನ್ನೂ ತಾವೇ ಹೇಳಿದರು. ಉದ್ಘಾಟನೆ ತಲೆಯ ಮೇಲಿತ್ತು. ಹೊಟ್ಟೆಯ ಮೇಲಿಡುವ ದಿಂಬುಗಳು ಬಂದಿರಲಿಲ್ಲ. ಯಂತ್ರ ಹೊಂದಿಸಲು ಇನ್ನಷ್ಟು ದಿನ ಬೇಕೆಂದು ಎಂಜಿನಿಯರು ಹೇಳುತ್ತಿದ್ದ. ಹೊಸದು ತೆಗೆದ ಚಿತ್ರ ನಡುವೆ ಮಸಿ ಮೆತ್ತಿಕೊಂಡು ಬಂತು. ಹಳೆಯದು ತೆಗೆದದ್ದು ಬೆಳ್ಳಿಯಂತೆ ಹೊಳೆಯಿತು. ಬರುವ ಅತಿಥಿಗಳಿಗೆ ತೋರಿಸುವುದೇನನ್ನು?

"ಎರಡು ಪಟ್ಟಿ ತಾನೇ ಅಂದ್ಕೊಂಡೆ," ಎಂದರು. "ಆಚೇದು ಈಚೆ ಹಾಕಿದೆ. ಆಮೇಲೆ ಆ ಕಡೆ ನೋಡೋಕೇ ನಾಚಿಕೆಯಾಗ್ತಿತ್ತು. ನೋಡ್ಲೂ ಇಲ್ಲ."

"ನೋಡಿದ್ರೆ ಚೆನ್ನಾಗಿತ್ತು, ಡಾಕ್ಟ್ರೇ."

ಆಕೆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಡಾಕ್ಟರಮ್ಮ ತೋರಿಸಿದ ಜಾಗದಲ್ಲಿ ಬೆರಳಿಟ್ಟಳು. ಇಂಥ ಸುದ್ದಿಯನ್ನು ಹೇಗೆ ಹೇಳಬೇಕೆಂದು ಮೆಟ್ಟಿಲು ಹತ್ತುವಾಗ ಕಲಿತುಕೊಂಡಿದ್ದ ಮಾತೆಲ್ಲ ಮರೆತಿತ್ತು. ಅವರು ಕನ್ನಡಕ ಏರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಅನುಭವಸ್ಥರು, ಮಚ್ಚೆಯ ಅರ್ಥವನ್ನು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

ಆಕೆ ಕಣ್ಣಿಟ್ಟು ಕಾದಳು. ಮುಖ ಬಿಳುಪೇರುವುದನ್ನು, ಕೈ ನಡುಗುವುದನ್ನು ಕಾದಳು. ಕಂಡದ್ದು ಬೇರೆ. ಅವರ ಹೆಗಲು ಸಡಿಲವಾಗಿ ಕೆಳಗಿಳಿಯಿತು. ಹಿಡಿದಿದ್ದ ಉಸಿರು ಹೊರಗೆ ಬಂತು. ಅದು ನೆಮ್ಮದಿ.

ಮರುಕ್ಷಣವೇ, ಆಕೆ ಅದನ್ನು ಕಂಡಳೆಂದು ಅವರಿಗೆ ತಿಳಿಯಿತು. ಮುಖ ಕೆಂಪಾಗಿ, ಆಮೇಲೆ ಕಪ್ಪಾಗಿ, ಕೊನೆಗೆ ಅವರು ಕನ್ನಡಕ ತೆಗೆದು ಅಂಗೈಗಳಿಂದ ಮುಖ ಮುಚ್ಚಿಕೊಂಡರು.

"ಇದು ನಿಮ್ಮ ಹೊಟ್ಟೆಯಲ್ಲ," ಎಂದಳು ಇನ್ಸ್‌ಪೆಕ್ಟರಮ್ಮ.

"ಅಲ್ಲ."

"ನಿಮ್ಮ ಪಿತ್ತಕೋಶ?"

"ಇದ್ದಲ್ಲೇ ಇದೆ. ನನ್ನ ಹೊಟ್ಟೆಗೆ ಇದುವರೆಗೆ ಯಾರೂ ಕತ್ತರಿ ಹಾಕಿಲ್ಲ."

ತೆರೆದ ಕಿಟಕಿ, ಅರ್ಧ ತೆರೆದ ಬಾಗಿಲು, ಹತ್ತದ ಲಿಫ್ಟು ಒಮ್ಮೆಗೇ ಆಕೆಯ ಕಣ್ಣ ಮುಂದೆ ಬಂದು ನಿಂತವು. ಕೇಳುವ ಮೊದಲೇ ಅವರು ಹೇಳಿದರು. ಕೊಳವೆಯೊಳಗೆ ತಲೆ ಹೋಗುತ್ತಿದ್ದಂತೆ ಗೋಡೆಗಳು ಮೈಮೇಲೆ ಬಂದಂತಾಯಿತು. ಕೂಗಿಕೊಂಡು ಹೊರಗೆ ಬಂದರು. ಮತ್ತೆ ಮಲಗಿದರು, ಮತ್ತೆ ಬಂದರು. ಎಂಜಿನಿಯರು ಮುಖ ತಿರುಗಿಸಿಕೊಂಡು ನಗುತ್ತಿದ್ದ. ಏನೂ ಆಗೋಲ್ಲ, ಕಣ್ಣು ಮುಚ್ಚಿ ಮಲಗಿ ಎಂದು ವರ್ಷಗಟ್ಟಲೆ ಸಾವಿರಾರು ಜನರ ಬೆನ್ನು ತಟ್ಟಿದವರು, ತಮ್ಮ ಸರದಿ ಬಂದಾಗ ಬೆವರಿನಲ್ಲಿ ತೊಯ್ದು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು.

"ಆಗ ಒಬ್ಬ ಸ್ನೇಹಿತನಿಗೆ ಫೋನ್ ಮಾಡಿದೆ. ನನ್ನಷ್ಟೇ ಗಾತ್ರ. ಕೇಳಿದ್ದಕ್ಕೆ ನಕ್ಕುಬಿಟ್ಟ. ಬಂದು ಎರಡರಲ್ಲೂ ಮಲಗಿದ, ಒಂದರಲ್ಲಿ ನಿದ್ದೇನೂ ಮಾಡಿದ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟ. ಇವತ್ತಿನ ತನಕ ಉಳಿಸ್ಕೊಂಡಿದಾನೆ."

"ಅವರಿಗೆ ಇದು ಗೊತ್ತಾ?"

"ನನಗೇ ಈಗ ಗೊತ್ತಾಯ್ತು."

"ಹೆಸರು ಹೇಳಿ. ಈಗಲೇ ಕರೆಸಬೇಕು. ತಡವಾದಷ್ಟೂ..."

ದೊಡ್ಡ ಡಾಕ್ಟರು ಆಕೆಯನ್ನು ನೋಡಲಿಲ್ಲ. ಯಕೃತ್ತಿನ ತುಂಡೊಂದನ್ನು ಕೈಯಲ್ಲಿ ಹಿಡಿದು, ಅದಕ್ಕೇ ಹೇಳುವಂತೆ ಹೇಳಿದರು:

"ಚಿತ್ರ ಕಳೆದಾಗ ನಾನು ಸುಮ್ನಿದ್ದುಬಿಡೋಣ ಅಂದೆ. ಪಟ್ಟಿ ವಿಷಯ ಹೊರಗೆ ಬರುತ್ತಲ್ಲ. ಅವನೇ ಹಠ ಹಿಡಿದ. ಊರಲ್ಲಿ ನನ್ನದು ಅಂತ ಒಂದೇ ಒಂದು ಪಟ ಲೈಟ್ ಹಾಕಿ ಇಟ್ಟಿದಾರೆ, ಅದನ್ನೂ ಕದ್ದರೆ ಹೇಗೆ ಅಂದ. ನನ್ನ ತಂಗಿ ಇದಾಳೆ, ಹುಡುಕಿ ಕೊಡ್ತಾಳೆ ಅಂದ."

ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆಯನ್ನು ಇನ್ಸ್‌ಪೆಕ್ಟರಮ್ಮ ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದಳು. ಈಗ ಕಿವಿಯಲ್ಲಿ ಉಳಿದದ್ದು ಬೆಳಿಗ್ಗೆ ತಾನೇ ಆಡಿದ ಮಾತು. ನಡೆದು ಕರಗಿಸಿದೆಯಾ, ಊಟ ಬಿಟ್ಟು ಕರಗಿಸಿದೆಯಾ? ಆ ತೂತಿನಲ್ಲಿ ತಾನೇ ಬೆರಳಾಡಿಸಿ, ಇನ್ನೂ ಒಂದು ಹೊಡಿ ಎಂದಿದ್ದಳು. ಆಮೇಲೆ ಕತ್ತಲೆಯ ಕೋಣೆಯಲ್ಲಿ, ಅವನ ಮಚ್ಚೆಯ ಮುಂದೆಯೇ ನಿಂತು, ಅವನ ಕ್ಲಿಪ್ಪಿನ ನಗೆಚಾಟಿಕೆ ಹೇಳಿದ್ದಳು.

ಮೆಟ್ಟಿಲು ಹೇಗೆ ಇಳಿದಳೋ ಆಕೆಗೆ ನೆನಪಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ಸ್ವಲ್ಪ ಹೊತ್ತು ಕಟಾಂಜನ ಹಿಡಿದು ನಿಂತದ್ದು ನೆನಪಿದೆ. ನಾಚಿಕೆ ದುಃಖಕ್ಕಿಂತ ಮೊದಲು ಬರುತ್ತದೆಂದು ಅಲ್ಲಿ ಗೊತ್ತಾಯಿತೆಂದು ಆಮೇಲೆ ಹೇಳಿಕೊಂಡಳಂತೆ. ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಉಂಡವಳು. ಅಣ್ಣನ ತಟ್ಟೆಯಲ್ಲಿ ಉಳಿದ ಅನ್ನವನ್ನು ದಿನಾ ನೋಡಿದವಳು. ಅವನು ಹೇಳಿದ್ದನ್ನು ಕೇಳಿದಳೇ ಹೊರತು ಅವನನ್ನು ನೋಡಿರಲಿಲ್ಲ.

ಹಜಾರದಲ್ಲಿ ಬೆಳಕಿನ ಪೆಟ್ಟಿಗೆ ಉರಿಯುತ್ತಿತ್ತು. ಎಡಗಡೆಗೆ ಕತ್ತಲೆ ನುಂಗಿದ ಹೊಟ್ಟೆ. ಬಲಗಡೆ ಖಾಲಿ, ಬರೀ ಬಿಳಿ ಬೆಳಕು. ಆ ಬೆಳಕಿನ ಕೆಳಗೆ ಅಣ್ಣ ಕೈಗಳನ್ನು ಬೆನ್ನಹಿಂದೆ ಕಟ್ಟಿ, ಕವಾಯತಿನಲ್ಲಿ ವಿಶ್ರಾಂತಿಗೆ ನಿಂತವನಂತೆ ನಿಂತು, ಸ್ವಾಗತದ ಹೆಂಗಸನ್ನು ನಗಿಸುತ್ತಿದ್ದ. ಮೇಲಿನ ಬೆಳಕಿನಲ್ಲಿ ಅವನ ಕೆನ್ನೆ ಎಷ್ಟು ಒಳಗೆ ಹೋಗಿದೆಯೆಂದು ಆಕೆಗೆ ಕಂಡಿತು. ಪ್ಯಾಂಟು ಹೊಸ ತೂತಿಗೂ ನಿಲ್ಲದೆ ಸೊಂಟದಿಂದ ಜಾರುತ್ತಿತ್ತು.

ತಂಗಿಯನ್ನು ಕಂಡು ಅವನ ಮುಖ ಅರಳಿತು. ಆಕೆಯ ಕೈಯಲ್ಲಿದ್ದ ಸುರುಳಿಯ ಕಡೆಗೆ ಕಣ್ಣು ಹಾಯಿಸಿ, ಯಾರಿಗೂ ಕೇಳಿಸದಂತೆ, ಗುಟ್ಟನ್ನು ಕಾಪಾಡಿಕೊಂಡವನ ಹೆಮ್ಮೆಯಲ್ಲಿ, ಮೆಲ್ಲಗೆ ಕೇಳಿದ:

"ನೋಡಿದ್ಯಾ? ಹೇಗಿದೆ ಹೇಳು."

ಸ್ವಾಗತದ ಹೆಂಗಸು ಇಲ್ಲಿಗೆ ನಿಲ್ಲಿಸಿದಳು. ಏನೆಂದರು ಇನ್ಸ್‌ಪೆಕ್ಟರಮ್ಮ ಎಂದು ಒಬ್ಬಾಕೆ ಕೇಳಿದಳು. ಹೆಂಗಸು ಚಾವಣಿಯ ಆರಿದ ದೀಪ ನೋಡಿ, ಕರೆಂಟು ಇವತ್ತಿಗಿಲ್ಲ, ಹೊಟ್ಟೆ ಖಾಲಿ ಇಟ್ಟುಕೊಂಡು ನಾಳೆ ಬನ್ನಿ, ಇದೇ ಚೀಟಿ ನಡೆಯುತ್ತದೆ ಎಂದು ಮೇಜಿನ ಸೆಳೆಖಾನೆಗೆ ಬೀಗ ಹಾಕಿದಳು.

ಕೇಳಿದವರು ಒಬ್ಬೊಬ್ಬರಾಗಿ ಎದ್ದರು. ಹೋಗುವಾಗ ಖಾಲಿ ಗೋಡೆಯ ಕಡೆಗೆ ಒಮ್ಮೆ ನೋಡದೆ ಹೋದವರಿಲ್ಲ. ದಪ್ಪನೆಯ ಒಬ್ಬ ಆಸಾಮಿ ಬಾಗಿಲ ಬಳಿ ತಡೆದು, ತನ್ನ ಬೆಲ್ಟಿನ ತೂತುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಂಡು, ಎಲ್ಲರ ಹಿಂದೆ ಮನೆಯ ದಾರಿ ಹಿಡಿದ.